ಎನ್‌ಎಚ್‌ಎಸ್ ಸಂಶೋಧನೆ: ಔಷಧದ ಟ್ರಯಲ್ಲಾ, ಅವರ್ ಫ್ಯೂಚರ್ ಹೆಲ್ತಾ?

ಬ್ರಿಟನ್ನಿನಲ್ಲಿರುವ ಕನ್ನಡಿಗರೇ, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮೂಲಕ ಈ ಎರಡಕ್ಕೂ ಕರೆ ಬಂದರೆ ಯಾವುದಕ್ಕೆ ಸೇರುತ್ತೀರಿ?

ಔಷಧದ ಟ್ರಯಲ್ ಹೆಚ್ಚಾಗಿ ಕಾಯಿಲೆ ಬಂದವರಿಗೆ. ಯಾರಿಗೆ ಯಾವ ಚಿಕಿತ್ಸೆ ಅನ್ನೋದನ್ನು ಸಾಮಾನ್ಯವಾಗಿ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಕೋವಿಡ್ ಚಿಕಿತ್ಸೆಗಳನ್ನು ಪರೀಕ್ಷಿಸಿದ ರಿಕವರಿ ಟ್ರಯಲ್ ಹೀಗೇ ಎನ್‌ಎಚ್‌ಎಸ್ ವಾರ್ಡುಗಳಲ್ಲಿ 2020ರ ಮಾರ್ಚ್‌ನಲ್ಲಿ ಶುರುವಾಗಿ, ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಔಷಧ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದು ಜೂನ್ ಹೊತ್ತಿಗೇ ತೋರಿಸಿತು. ಎರಡರಲ್ಲಿ ಅಡ್ಡ ಪರಿಣಾಮ, ಓಡಾಟ ಔಷಧದ ಟ್ರಯಲ್‌ನಲ್ಲೇ ಜಾಸ್ತಿ.

ಅವರ್ ಫ್ಯೂಚರ್ ಹೆಲ್ತ್ ಅಂದರೆ ಜನರ ಆರೋಗ್ಯದ ಮಾಹಿತಿ ಕೂಡಿಸುವ ದೊಡ್ಡ ಅಧ್ಯಯನ; ಇದಕ್ಕೆ 18 ವರ್ಷ ತುಂಬಿದ್ದರೆ ಸಾಕು. ಒಂದಷ್ಟು ಪ್ರಶ್ನೆ, ಸ್ವಲ್ಪ ರಕ್ತ, ಬಿಪಿ. ಆಮೇಲೆ ಹೆಸರು ತೆಗೆದ ನಿಮ್ಮ ಆರೋಗ್ಯದ ದಾಖಲೆಯನ್ನು ವರ್ಷಗಟ್ಟಲೆ ಸಂಶೋಧಕರು ನೋಡುತ್ತಾರೆ. ಅದು ಇಷ್ಟವಿಲ್ಲದಿದ್ದರೆ ಬೇಡ.

ನೀವು ಗಟ್ಟಿಮುಟ್ಟಾಗಿದ್ದರೆ ನನ್ನ ಓಟು ಅವರ್ ಫ್ಯೂಚರ್ ಹೆಲ್ತ್‌ಗೇ. ಇಂಥದ್ದೇ ಹಳೆಯ ಅಧ್ಯಯನವಾದ ಯುಕೆ ಬಯೋಬ್ಯಾಂಕ್‌ನ 5 ಲಕ್ಷ ಜನರಲ್ಲಿ ನಮ್ಮ ಕಡೆಯವರು ತೀರಾ ಕಡಿಮೆ, ಸಕ್ಕರೆ ಕಾಯಿಲೆ ಮಾತ್ರ ನಮ್ಮಲ್ಲೇ ಜಾಸ್ತಿ, ಅಲ್ವಾ?