ಶುಗರ್ ಲೋ ಆದಾಗ ಯಾವ ಸಿಹಿ? ನಾನು ತಿಂದು, ಕುಡಿದು ನೋಡಿದ್ದು

ಇನ್ಸುಲಿನ್ ತಗೊಳ್ಳುವವರ ಬ್ಯಾಗಿನಲ್ಲಿ ಸಿಹಿ ಇರಲೇಬೇಕು. ಆದರೆ ಎಲ್ಲ ಸಿಹಿಯೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ.

ಶುಗರ್ ಲೋ ಆದಾಗ ನನಗೆ ಮೊದಲು ಬರುವುದು ಬೆವರು. ಫ್ಯಾನ್ ಕೆಳಗೆ ಕೂತಿದ್ದರೂ ಕತ್ತು ಒದ್ದೆ. ಆಮೇಲೆ ಕೈ ನಡುಕ, ತಡೆಯಲಾರದ ಹಸಿವು, ಮನೆಯವರ ಮೇಲೆ ಸುಮ್ನೆ ಸಿಟ್ಟು. ಶುಗರ್ ಜಾಸ್ತಿಯಾದಾಗ ಹೀಗಲ್ಲ. ಬಾಯಾರಿಕೆ, ಪದೇ ಪದೇ ಮೂತ್ರ, ಅದೂ ನಿಧಾನವಾಗಿ. ಸುಸ್ತು ಮಾತ್ರ ಎರಡರಲ್ಲೂ ಇರುತ್ತದೆ, ಹಾಗಾಗಿ ಬೆರಳು ಚುಚ್ಚಿ ನೋಡುವುದೇ ಸರಿ. ಮೀಟರ್ ಕೈಗೆ ಸಿಗದಿದ್ದರೆ ಲೋ ಅಂತಲೇ ತಿಳಿದು ಸಿಹಿ ತಗೊಳ್ಳುತ್ತೇನೆ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಇರುವಷ್ಟು ಸಿಹಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಏರದಿದ್ದರೆ ಇನ್ನೊಂದು ಸಲ ಅಷ್ಟೇ ಸಿಹಿ.

ಚಾಕೊಲೇಟ್ ಎಲ್ಲಕ್ಕಿಂತ ರುಚಿ, ಎಲ್ಲಕ್ಕಿಂತ ನಿಧಾನ. ಅದರಲ್ಲಿರುವ ಕೊಬ್ಬು ಸಿಹಿಯನ್ನು ತಡೆದು ನಿಲ್ಲಿಸುತ್ತದೆ. ನಡುಕ ನಿಲ್ಲಲಿಲ್ಲ ಅಂತ ಇನ್ನೊಂದು ತುಂಡು ತಿಂದರೆ ಆಮೇಲೆ ಶುಗರ್ ಗಗನಕ್ಕೆ. ಲೋ ಆದಾಗ ಶುಗರ್ ಏರಿಸಲು ಬಿಸ್ಕತ್ತೂ ಬೇಡ. ಶುಗರ್ ಏರಿದ ಮೇಲೆ, ಊಟ ಇನ್ನೂ ದೂರ ಇದ್ದರೆ ತಿನ್ನಲು ಒಳ್ಳೆಯದು.

ಜ್ಯೂಸ್ ಬೇಗ ಕೆಲಸ ಮಾಡುತ್ತದೆ, ಅಗಿಯುವ ಕಷ್ಟವೂ ಇಲ್ಲ. ಬ್ಯಾಗಿನಲ್ಲಿ ಭಾರ, ಅಷ್ಟೇ. ಡಯಟ್ ಕೋಲಾ ಮಾತ್ರ ಪ್ರಯೋಜನವಿಲ್ಲ, ಅದರಲ್ಲಿ ಸಕ್ಕರೆಯೇ ಇಲ್ಲ ಅಲ್ವಾ!

ಮನೆಯಲ್ಲಿದ್ದರೆ ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ. ನನಗೆ ಇದು ಜ್ಯೂಸಿಗಿಂತ ಏನೂ ಕಡಿಮೆಯಿಲ್ಲ. ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತಗೊಳ್ಳುವವರು ಸಕ್ಕರೆ ನಂಬಬಾರದು. ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುವುದನ್ನೇ ಆ ಮಾತ್ರೆಗಳು ತಡೆಯುತ್ತವೆ. ಅವರಿಗೆ ನೇರ ಗ್ಲೂಕೋಸೇ ಬೇಕು. ನಮ್ಮ ಕಡೆ ಈ ಮಾತ್ರೆ ನುಂಗುವವರು ಬಹಳ, ಈ ವಿಷಯ ಗೊತ್ತಿರುವವರು ಕಡಿಮೆ.

ಹೊರಗೆ ಹೋಗುವಾಗ ನನ್ನ ಆಯ್ಕೆ ಗ್ಲೂಕೋಸ್ ಪುಡಿ. ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ರುಚಿ ಬೆರೆಸಿದ ಕೆಲವು ಪುಡಿಗಳಲ್ಲಿ ಸಕ್ಕರೆಯೂ ಇರುತ್ತದೆ, ಪೊಟ್ಟಣದ ಹಿಂಭಾಗ ಓದಿ ಸಾದಾ ಪುಡಿಯನ್ನೇ ತನ್ನಿ. 15 ಗ್ರಾಂ ಮೊದಲೇ ತೂಗಿ ಸಣ್ಣ ಕವರುಗಳಲ್ಲಿ ಕಟ್ಟಿಡುತ್ತೇನೆ. ನಡುಗುವ ಕೈಯಲ್ಲಿ ಚಮಚ ಹಿಡಿದು ಅಳೆಯೋದು ಆಗದ ಮಾತು.

ಇದೆಲ್ಲ ಎಚ್ಚರ ಇದ್ದು, ನುಂಗಲು ಆಗುವಾಗ ಮಾತ್ರ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರಾಟದ ದಾರಿಗೆ ಇಳಿದುಬಿಡುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.