ಜನೌಷಧಿ ಕೇಂದ್ರ: ತಿಂಗಳ ಮಾತ್ರೆಗಾಗಿ ವರ್ಷಗಟ್ಟಲೆ ಬಳಸಿದವರ ವಿಮರ್ಶೆ

ಅಂಕ: 5ಕ್ಕೆ 4. ಕಳೆದ ಒಂದು ಅಂಕ ಮಾತ್ರೆಯ ಗುಣಮಟ್ಟಕ್ಕಲ್ಲ, ಪೂರೈಕೆಗೆ.

ಶುಗರ್, ಬಿಪಿ, ಕೊಲೆಸ್ಟ್ರಾಲ್ ಇವುಗಳಲ್ಲಿ ಒಂದಾದರೂ ಇರುವ ಮನೆಯಲ್ಲಿ ಮೆಡಿಕಲ್ ಶಾಪ್ ಖರ್ಚು ಹಾಲು, ಕರೆಂಟಿನ ಬಿಲ್ಲಿನ ಹಾಗೆ ತಿಂಗಳು ತಿಂಗಳೂ ಬರುತ್ತದೆ. ಜನೌಷಧಿ ಕೇಂದ್ರ, ಅಂದರೆ ಬ್ರ್ಯಾಂಡ್ ಹೆಸರಿಲ್ಲದ ಔಷಧವನ್ನು ಅಗ್ಗವಾಗಿ ಮಾರುವ ಕೇಂದ್ರ ಸರ್ಕಾರದ ಯೋಜನೆಯ ಮಳಿಗೆ, ನಿಜವಾಗಿ ನೆರವಾಗುವುದು ಇಂಥ ಮನೆಗಳಿಗೆ. ಈ ಸಂಜೆಯೇ ಶುರು ಮಾಡಬೇಕಾದ ಔಷಧಕ್ಕೆ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ (ಶುಗರ್), ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ (ಬಿಪಿ), ಅಟೋರ್ವಾಸ್ಟಾಟಿನ್ (ಕೊಲೆಸ್ಟ್ರಾಲ್) ತರಹದ ನಿತ್ಯದ ಮಾತ್ರೆಗಳಿಗೆ ಮಾತ್ರ ಇದರಷ್ಟು ಹಣ ಉಳಿಸುವ ಅಂಗಡಿ ಬೇರೆ ಸಿಗುವುದು ಕಷ್ಟ.

ಮೊದಲ ಮಳಿಗೆ 2008ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ತೆರೆಯಿತು, 10,000ನೆಯದು 2023ರ ನವೆಂಬರ್‌ನಲ್ಲಿ ದೇವಘರದ ಏಮ್ಸ್‌ನಲ್ಲಿ. ಬೆಲೆ ಕಟ್ಟುವ ಲೆಕ್ಕ ಹೀಗಿದೆ: ಅದೇ ಔಷಧದ ಮುಂಚೂಣಿಯ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧವನ್ನು ಜನೌಷಧಿ ದರ ದಾಟಬಾರದು. ಹಲವು ಮಾತ್ರೆಗಳು ಅದಕ್ಕಿಂತಲೂ ಬಹಳ ಕೆಳಗಿವೆ. ಅಗ್ಗವೆಂದರೆ ಸತ್ವ ಕಡಿಮೆ ಎಂಬ ಅನುಮಾನ ಇನ್ನೂ ಹೋಗಿಲ್ಲ. ಖರೀದಿ ನಡೆಯುವುದು ಟೆಂಡರ್ ಮೂಲಕ, ವಿಶ್ವ ಆರೋಗ್ಯ ಸಂಸ್ಥೆಯ ಉತ್ಪಾದನಾ ಮಾನದಂಡ ಪಾಲಿಸುವ ಕಾರ್ಖಾನೆಗಳಿಂದ. ಪ್ರತಿ ಬ್ಯಾಚೂ ಎನ್‌ಎಬಿಎಲ್ (ಪರೀಕ್ಷಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ನಲ್ಲಿ ಪಾಸಾದ ಮೇಲೆಯೇ ಅಂಗಡಿಗೆ ಹೊರಡುತ್ತದೆ. ಬೆಲೆ ಇಳಿಯುವುದು ಜಾಹೀರಾತು, ಮೆಡಿಕಲ್ ರೆಪ್, ಬ್ರ್ಯಾಂಡ್ ಹೆಸರಿನ ಖರ್ಚು ಇಲ್ಲದಿರುವುದರಿಂದ. ಆದರೂ ಮಾತಿಗಿಂತ ಅಳತೆ ಮೇಲು. ಬದಲಾಯಿಸುವ ಮುಂಚಿನ ವಾರ ಬಿಪಿ ಬರೆದಿಡಿ, ಬದಲಾಯಿಸಿದ ಮೂರು ನಾಲ್ಕು ವಾರದ ಮೇಲೆ ಅದೇ ಹೊತ್ತಿಗೆ, ಅದೇ ಮೆಷಿನ್‌ನಲ್ಲಿ ಮತ್ತೆ ನೋಡಿ. ಶುಗರ್‌ಗಾದರೆ ಮೂರು ತಿಂಗಳಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ.

ಮೊದಲ ತೊಡಕು ಚೀಟಿಯದ್ದು. ಡಾಕ್ಟರ್ ಬ್ರ್ಯಾಂಡ್ ಹೆಸರು ಬರೆದಿದ್ದರೆ ಕೌಂಟರಿನಲ್ಲಿ ತಕರಾರು ಏಳುತ್ತದೆ. ಔಷಧ ನಿಯಮಗಳ 65ನೇ ನಿಯಮದಂತೆ, ಷೆಡ್ಯೂಲ್ ಎಚ್ (ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬಹುದಾದ) ಔಷಧಗಳಲ್ಲಿ ಚೀಟಿಯಲ್ಲಿರುವುದರ ಬದಲು ಇನ್ನೊಂದನ್ನು, ಒಳಗಿನ ಔಷಧ ಅದೇ ಆಗಿದ್ದರೂ, ಫಾರ್ಮಸಿಸ್ಟ್ ತಾವಾಗಿ ಕೊಡುವಂತಿಲ್ಲ. ಕೊಡಲ್ಲ ಎಂದವರ ಮೇಲೆ ರೇಗಿ ಪ್ರಯೋಜನವಿಲ್ಲ, ಅವರು ನಿಯಮದ ಒಳಗೇ ಇದ್ದಾರೆ. ಮುಂದಿನ ಬಾರಿ ತೋರಿಸಲು ಹೋದಾಗ ಡಾಕ್ಟರನ್ನೇ ಕೇಳಿ: "ಜನೌಷಧಿಯಲ್ಲಿ ತಗೋತೀವಿ, ಔಷಧದ ಹೆಸರು ಬರೆದುಕೊಡಿ." ಚೀಟಿಯಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಬೇಕು: ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಮಾಮೂಲಿಯೋ ನಿಧಾನವಾಗಿ ಕರಗುವುದೋ, ದಿನಕ್ಕೆ ಎಷ್ಟು ಸಲ.

ಮೂರನೆಯದನ್ನು ಜನ ಮರೆಯುತ್ತಾರೆ, ತಪ್ಪು ಹೆಚ್ಚಾಗುವುದೂ ಅಲ್ಲೇ. ಮೆಟ್‌ಫಾರ್ಮಿನ್ 500 ಮಾಮೂಲಿ ಮಾತ್ರೆಯಾಗಿಯೂ ಸಿಗುತ್ತದೆ, ನಿಧಾನವಾಗಿ ಕರಗುವ ಬಗೆಯಲ್ಲೂ ಸಿಗುತ್ತದೆ. ಚೀಟಿಯಲ್ಲಿ ಎಸ್‌ಆರ್ ಎಂದಿದ್ದು ಸ್ಟ್ರಿಪ್ ಮೇಲೆ ಪಿಆರ್, ಇಆರ್ ಅಥವಾ ಎಕ್ಸ್‌ಆರ್ ಎಂದಿದ್ದರೆ ಗಾಬರಿ ಬೇಡ, ಎಲ್ಲವೂ ನಿಧಾನದ ಬಗೆಯವೇ. ಈ ಅಕ್ಷರಗಳೇ ಇಲ್ಲದಿದ್ದರೆ ಮಾತ್ರ ವಾಪಸ್ ಕೊಟ್ಟು ಕೇಳಿ. ನಿಧಾನದ ಮಾತ್ರೆಯನ್ನು ಪುಡಿ ಮಾಡಬಾರದು, ಜಗಿಯಬಾರದು. ಹಾಗೆ ಮಾಡಿದರೆ ಇಡೀ ದಿನ ಸ್ವಲ್ಪ ಸ್ವಲ್ಪವೇ ಇಳಿಯಬೇಕಾದ ಔಷಧ ಒಮ್ಮೆಲೇ ಇಳಿದುಬಿಡುತ್ತದೆ. ಮಲದಲ್ಲಿ ಊದಿಕೊಂಡ, ಮೆತ್ತಗಿನ ಬಿಳಿ ಮಾತ್ರೆಯಂಥದ್ದು ಕಂಡು "ಕರಗದೆ ಹಾಗೇ ಬಂತು, ಇದು ನಕಲಿ" ಎಂದು ನಿಲ್ಲಿಸಿದವರಿದ್ದಾರೆ. ಅದು ಖಾಲಿ ಕವಚ. ಔಷಧ ಕರುಳಿನಲ್ಲೇ ಇಳಿದಿರುತ್ತದೆ. ದುಬಾರಿ ಬ್ರ್ಯಾಂಡ್‌ಗಳಲ್ಲೂ ಹೀಗೇ ಆಗುತ್ತದೆ.

ಇನ್ನು ನಿಜಕ್ಕೂ ಭಯಪಡಬೇಕಾದ ವಿಷಯ. ಮನೆಯಲ್ಲಿ ಹಳೆಯ ಬ್ರ್ಯಾಂಡ್‌ನ ಅರ್ಧ ಸ್ಟ್ರಿಪ್ ಉಳಿದಿರುತ್ತದೆ, ಹೊಸದಾಗಿ ಜನೌಷಧಿ ಸ್ಟ್ರಿಪ್ ಬರುತ್ತದೆ. ಹೆಸರು ಬೇರೆ, ಬಣ್ಣ ಬೇರೆ. ವಯಸ್ಸಾದವರು ಎರಡನ್ನೂ ನುಂಗುತ್ತಾರೆ. ಗ್ಲಿಮೆಪಿರೈಡ್ ಹೀಗೆ ಎರಡು ಪಾಲು ಹೊಟ್ಟೆಗೆ ಹೋದರೆ ಶುಗರ್ ಕುಸಿಯುತ್ತದೆ: ಬೆವರು, ಕೈನಡುಕ, ಮಂಕು. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಇರುವುದರಿಂದ ಒಮ್ಮೆ ಸರಿಹೋದ ಶುಗರ್ ಮತ್ತೆ ಇಳಿಯಬಹುದು, ಹಾಗಾಗಿ ಡಾಕ್ಟರಿಗೆ ತಿಳಿಸದೆ ಇರಬೇಡಿ. ಹೊಸ ಸ್ಟ್ರಿಪ್ ಮನೆಗೆ ಬಂದ ದಿನವೇ ಹಳೆಯದನ್ನು ಡಬ್ಬಿಯಿಂದ ತೆಗೆದುಬಿಡುವುದು ಒಳ್ಳೆಯದು.

ಸ್ಟ್ರಿಪ್ ಮೇಲಿನ ಹೆಸರು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ಕನ್ನಡವಿಲ್ಲ. ಬರೀ ಕನ್ನಡ ಓದುವ ಹಿರಿಯರು ಲಕ್ಷಾಂತರ ಇರುವ ರಾಜ್ಯದಲ್ಲಿ ಇದು ದೊಡ್ಡ ಕೊರತೆ. ಅದೂ ಅಲ್ಲದೆ ಎಲ್ಲ ಔಷಧದ ಮೇಲೂ ಒಂದೇ ಲಾಂಛನ. ಅಳಿಸದ ಮಾರ್ಕರ್ ಪೆನ್ನಿನಲ್ಲಿ ಹಿಂಬದಿಗೆ "ಬಿಪಿ – ಬೆಳಿಗ್ಗೆ", "ಶುಗರ್ – ಊಟದ ಜೊತೆ" ಎಂದು ಬರೆದರೆ ಅರ್ಧ ಸಮಸ್ಯೆ ತೀರುತ್ತದೆ. ಟೆಂಡರ್ ಬದಲಾದಂತೆ ತಯಾರಕರೂ ಬದಲಾಗುವುದರಿಂದ ಅದೇ ಮಾತ್ರೆ ಮುಂದಿನ ತಿಂಗಳು ಬೇರೆ ಗಾತ್ರ, ಬೇರೆ ಬಣ್ಣದಲ್ಲಿ ಬರಬಹುದು. ಬಣ್ಣ ನೋಡಿ ಗುರುತಿಸುವ ಅಭ್ಯಾಸವನ್ನು ಬಿಡಿಸಬೇಕು.

ಟೆಲ್ಮಿಸಾರ್ಟನ್ ತೇವ ಹೀರುವ ಮಾತ್ರೆ. ವಾರದ ಡಬ್ಬಿಗೆ ಬಿಡಿಸಿ ಹಾಕಿಟ್ಟರೆ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮೆತ್ತಗಾಗಿ ಅಂಚು ಉದುರುತ್ತದೆ. ಸ್ಟ್ರಿಪ್ಪನ್ನೇ ಕತ್ತರಿಸಿ, ಹಾಳೆ ಒಡೆಯದಂತೆ ಡಬ್ಬಿಯಲ್ಲಿಡಿ.

ಎಲ್ಲವನ್ನೂ ಬದಲಾಯಿಸಬೇಕಿಲ್ಲ. ಫಿಟ್ಸ್‌ಗೆ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ತಯಾರಕರನ್ನು ತಾವಾಗಿ ಬದಲಾಯಿಸಲೇಬಾರದು. ರಕ್ತದಲ್ಲಿ ಅವುಗಳ ಪ್ರಮಾಣ ಚೂರು ಹೆಚ್ಚುಕಮ್ಮಿಯಾದರೂ ಅಪಾಯ. ಥೈರಾಯ್ಡ್ ಮಾತ್ರೆ ಬದಲಾಯಿಸಿದರೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮಾಡಿಸಲೇಬೇಕು.

ಈಗ ಕಳೆದ ಆ ಒಂದು ಅಂಕಕ್ಕೆ ಬರೋಣ. ಸರಕು ಗುರುಗ್ರಾಮದ ಕೇಂದ್ರ ಗೋದಾಮು ಮತ್ತು ಬೆಂಗಳೂರು, ಚೆನ್ನೈಯಂಥ ಪ್ರಾದೇಶಿಕ ಗೋದಾಮುಗಳಿಂದ ಬರಬೇಕು. ಮಾಮೂಲಿ ಮೆಡಿಕಲ್ ಶಾಪ್‌ನವರು ಬೆಳಿಗ್ಗೆ ಫೋನ್ ಮಾಡಿ ಸಂಜೆಗೆ ತರಿಸಿಕೊಳ್ಳುವ ಹಾಗೆ ಇಲ್ಲಿ ಆಗುವುದಿಲ್ಲ. ಎರಡು ಔಷಧ ಒಂದೇ ಮಾತ್ರೆಯಲ್ಲಿರುವ ಮಿಶ್ರಣಗಳು, ಉದಾಹರಣೆಗೆ ಟೆಲ್ಮಿಸಾರ್ಟನ್ 40 ಜೊತೆ ಆಮ್ಲೋಡಿಪಿನ್ 5, ಬೇಗ ಖಾಲಿಯಾಗುತ್ತವೆ. ಎರಡೂ ಬಿಡಿಬಿಡಿಯಾಗಿ ಸಿಗುತ್ತಿದ್ದರೆ ಬಿಡಿಯಾಗಿಯೇ ತೆಗೆದುಕೊಳ್ಳಬಹುದೇ ಎಂದು ಡಾಕ್ಟರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಮಾತ್ರೆ ಹತ್ತು ದಿನಕ್ಕಾಗುವಷ್ಟು ಉಳಿದಿರುವಾಗಲೇ ಹೋಗಿ, ಮುಂಚೆ ಫೋನ್ ಮಾಡಿ. ದಿನಕ್ಕೆರಡು ಮಾತ್ರೆಯಾದರೆ ತಿಂಗಳಿಗೆ ಹತ್ತರ ಆರು ಸ್ಟ್ರಿಪ್. ಲೆಕ್ಕವನ್ನು ಸ್ಟ್ರಿಪ್‌ನಲ್ಲಿ ಹೇಳದೆ ಮಾತ್ರೆಯಲ್ಲೇ ಹೇಳಿ, ಏಕೆಂದರೆ 14, 15 ಮಾತ್ರೆಯ ಸ್ಟ್ರಿಪ್‌ಗಳೂ ಇವೆ. 'ಜನೌಷಧಿ ಸುಗಮ್' ಆ್ಯಪ್ ಬೆಲೆ ಹೋಲಿಸಲು, ಹತ್ತಿರದ ಕೇಂದ್ರ ಹುಡುಕಲು ಚೆನ್ನಾಗಿದೆ.

ಆಸ್ಪತ್ರೆ ಆವರಣದ ಕೇಂದ್ರವನ್ನು ನಂಬಿಕೊಂಡವರಿಗೆ ಒಂದು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿ ಸಿಗಬೇಕು ಎಂಬ ಕಾರಣ ಕೊಟ್ಟು 2025ರ ಮೇನಲ್ಲಿ ರಾಜ್ಯ ಸರ್ಕಾರ ಅಲ್ಲಿನ ಕೇಂದ್ರಗಳನ್ನು ಮುಚ್ಚಲು ಹೊರಟಿತು, ವಿಷಯ ಹೈಕೋರ್ಟಿಗೆ ಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ ಸಿಗುತ್ತಿದ್ದರೆ ಅದನ್ನೇ ತೆಗೆದುಕೊಳ್ಳಿ, ಅದು ನಮ್ಮ ಹಕ್ಕು. ಅಲ್ಲಿ ಖಾಲಿಯಾದ ತಿಂಗಳು ಬಡ ರೋಗಿಯ ಕೈಗೆಟುಕುವ ಅಂಗಡಿ ಆಸುಪಾಸಿನಲ್ಲಿ ಇರಲೇಬೇಕು ಎಂಬುದು ಈ ವಿಮರ್ಶೆಯ ಗಟ್ಟಿ ಅಭಿಪ್ರಾಯ.

ಮಾತ್ರೆಯಲ್ಲದ ಸರಕುಗಳಲ್ಲಿ 'ಸುವಿಧಾ' ಸ್ಯಾನಿಟರಿ ಪ್ಯಾಡ್ ಹೆಸರಿಸಲೇಬೇಕಾದ್ದು. 2019ರ ಆಗಸ್ಟ್‌ನಿಂದ ಒಂದಕ್ಕೆ 1 ರೂಪಾಯಿ.

ದೂರಿದ್ದರೆ ಸಹಾಯವಾಣಿ 1800-180-8080. ಬಿಲ್, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಕೈಯಲ್ಲಿರಲಿ. ಬ್ಯಾಚ್ ನಂಬರ್ ಒತ್ತಿರುವುದು ಹೆಚ್ಚಾಗಿ ಸ್ಟ್ರಿಪ್‌ನ ಒಂದು ತುದಿಯಲ್ಲಿ ಮಾತ್ರ. ಮಾತ್ರೆ ಬಿಡಿಸುವಾಗ ಇನ್ನೊಂದು ತುದಿಯಿಂದ ಶುರು ಮಾಡಿ, ನಂಬರ್ ಇರುವ ಕಡೆಯದನ್ನು ಕೊನೆಗೆ ಬಿಡಿ.