ಶುಗರ್ ಇರುವ ಬೆಕ್ಕಿಗೆ ಯಾವ ಊಟ, ಯಾವ ಇನ್ಸುಲಿನ್?

ಬೆಕ್ಕಿಗೂ ಶುಗರ್ ಬರುತ್ತದೆ ಅಂದರೆ ವಿಜಯಪುರದಲ್ಲಿ ಈಗಲೂ ನಗುವವರಿದ್ದಾರೆ. ನಮ್ಮ ಬೆಕ್ಕು ಕರಿಯ ದಪ್ಪನೆಯ ಗಂಡು, ಮರಿ ಆಗದ ಹಾಗೆ ಆಪರೇಷನ್ ಆದವನು, ವಯಸ್ಸೂ ಆಗಿದೆ. ಈ ಕಾಯಿಲೆ ಜಾಸ್ತಿ ಕಾಣಿಸುವುದು ಇಂಥವರಲ್ಲೇ. ಮೂರು ಥರದ ಊಟ, ಎರಡು ಥರದ ಇನ್ಸುಲಿನ್ ಅವನಿಗೆ ಕೊಟ್ಟು ನೋಡಿದ್ದೇವೆ. ನನ್ನ ಪ್ರಕಾರ ಹೆಚ್ಚು ಫರಕು ಮಾಡಿದ್ದು ಊಟ.

ಡ್ರೈ ಫುಡ್ ಅಗ್ಗ, ಬೇಸಿಗೆಯಲ್ಲೂ ಕೆಡುವುದಿಲ್ಲ. ಆದರೆ ಪ್ಯಾಕೆಟ್ ತಿರುಗಿಸಿ ಲೆಕ್ಕ ಹಾಕಿ ನೋಡಿ. ಕಾರ್ಬೋಹೈಡ್ರೇಟ್ ಎಷ್ಟು ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ನೂರು ಗ್ರಾಮಿಗೆ ಪ್ರೋಟೀನ್ 32, ಕೊಬ್ಬು 10, ನಾರು 5, ನೀರು 10 ಅಂತಿದ್ದರೆ ಬೂದಿಯ ಅಂಶಕ್ಕೆ, ಅಂದರೆ ಖನಿಜಗಳಿಗೆ, ಒಂದು 8 ಸೇರಿಸಿ. ಒಟ್ಟು 65. ಉಳಿದ 35 ಕಾರ್ಬೋಹೈಡ್ರೇಟ್! ಶುಗರ್ ಇರುವ ಬೆಕ್ಕಿಗೆ ಊಟದ ಕ್ಯಾಲೊರಿಯಲ್ಲಿ ಅದರ ಪಾಲು ಶೇ 12ರ ಒಳಗಿದ್ದರೆ ಒಳ್ಳೆಯದು. ಅವ್ವನ ಹಾಲು-ರೊಟ್ಟಿಯ ಮಾತು ಇಲ್ಲಿ ಬೇಡ ಬಿಡಿ.

ಹಸಿ ಊಟ ಬರುವ ಪೌಚ್‌ಗಳಲ್ಲಿ ಎರಡು ಬಗೆ. ಗ್ರೇವಿಯದ್ದನ್ನು ಗಟ್ಟಿ ಮಾಡಲು ಹಿಟ್ಟು ಹಾಕಿರುತ್ತಾರೆ, ಹಾಗಾಗಿ ಮುದ್ದೆಯಂತಿರುವುದೇ ಮೇಲು. ನೀರಿನ ಅಂಶವೂ ಹೊಟ್ಟೆಗೆ ಹೋಗುತ್ತದೆ. ಖರ್ಚು ಮಾತ್ರ ಜಾಸ್ತಿ. ಏಪ್ರಿಲ್ ಬಿಸಿಲಿನಲ್ಲಿ ಒಡೆದ ಪೌಚ್ ಹೊರಗಿಡುವ ಹಾಗಿಲ್ಲ.

ಬೇಯಿಸಿದ ಕೋಳಿ ಕರಿಯನಿಗೆ ಪಂಚಪ್ರಾಣ. ಕಾರ್ಬೋಹೈಡ್ರೇಟ್ ಹೆಚ್ಚುಕಡಿಮೆ ಸೊನ್ನೆ. ಆದರೆ ಬರೀ ಕೋಳಿ ಹಾಕಿದರೆ ಕ್ಯಾಲ್ಸಿಯಂ ಸಾಲದು, ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಕೂಡ ಕಡಿಮೆ ಬೀಳಬಹುದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಆದ್ದರಿಂದ ನಮ್ಮ ಸಾರಿನ ತುಂಡು ನಡೆಯುವುದಿಲ್ಲ. ಈಗ ನಮ್ಮಲ್ಲಿ ಮುಖ್ಯ ಊಟ ಪೌಚ್, ಕೋಳಿ ಬಾಯಿರುಚಿಗೆ.

ಒಂದು ಅಪಾಯ ಮಾತ್ರ ಗೊತ್ತಿರಲೇಬೇಕು. ಡ್ರೈ ಫುಡ್ ಬಿಡಿಸಿದ ಮೇಲೆ ಬೇಕಾಗುವ ಇನ್ಸುಲಿನ್ ಸರ್ರನೆ ಇಳಿಯಬಹುದು. ಹಳೇ ಡೋಸ್ ಹಾಗೇ ಮುಂದುವರಿದರೆ ಶುಗರ್ ತೀರಾ ಕೆಳಗೆ ಹೋಗುತ್ತದೆ: ತೂರಾಡುವುದು, ಮಂಕಾಗುವುದು, ಕೊನೆಗೆ ಫಿಟ್ಸ್. ಡಾಕ್ಟರಿಗೆ ಮೊದಲೇ ಹೇಳಿ, ಡೋಸ್ ಅವರಿಂದ ಸರಿ ಮಾಡಿಸಿಕೊಂಡು ಊಟ ನಿಧಾನವಾಗಿ ಬದಲಿಸಬೇಕು. ಜೇನುತುಪ್ಪ ಕೈಗೆ ಸಿಗುವಲ್ಲಿರಲಿ. ತೂರಾಡಿದರೆ ವಸಡಿಗೆ ಸವರಿ ಡಾಕ್ಟರ ಹತ್ತಿರ ಓಡುವುದೇ.

ಇನ್ನು ಇನ್ಸುಲಿನ್. ಪ್ರಾಣಿಗಳಿಗೆಂದೇ ಮಾಡಿದ, ಬೆಕ್ಕುಗಳಿಗೂ ನಡೆಯುವ ಕ್ಯಾನಿನ್ಸುಲಿನ್ ನಮಗೆ ಇಲ್ಲಿ ಸಿಗಲಿಲ್ಲ. ಡಾಕ್ಟರ್ ಮೊದಲು ಬರೆದದ್ದು ಮನುಷ್ಯರ ಎನ್‌ಪಿಎಚ್ ಇನ್ಸುಲಿನ್, ಮೋಡದ ಹಾಗೆ ಬೆಳ್ಳಗಿರುವುದು. ಬಾಟಲಿಯನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ ಸಿರಿಂಜಿಗೆ ಎಳೆಯಬೇಕು. ಬೆಕ್ಕಿನಲ್ಲಿ ಅದರ ಕೆಲಸ ಬೇಗ ಮುಗಿಯುತ್ತದೆ. ಮುಂದಿನ ಚುಚ್ಚುಮದ್ದಿಗೆ ಇನ್ನೂ ಹೊತ್ತಿರುವಾಗಲೇ ಶುಗರ್ ಏರಿ, ದಾಹಕ್ಕೆ ಕರಿಯ ನೀರಿನ ಬಟ್ಟಲಿಗೆ ಬಾಯಿ ಹಾಕಿ ಕೂರುತ್ತಿದ್ದ. ಆಮೇಲೆ ಮನುಷ್ಯರದ್ದೇ ಇನ್ನೊಂದು ಇನ್ಸುಲಿನ್ ಗ್ಲಾರ್ಜಿನ್‌ಗೆ ಬದಲಿಸಿದರು. ಇದು ನೀರಿನಂತೆ ತಿಳಿ, ಶುಗರ್ ಇಳಿಸುವುದು ನಿಧಾನ. 12 ತಾಸಿಗೊಮ್ಮೆ, ಊಟದ ಜೊತೆ. ನನ್ನ ಓಟು ಇದಕ್ಕೇ.

ಆದರೆ ಸಿರಿಂಜಿನ ವಿಷಯ ಹುಷಾರು. ನಮ್ಮ ಎನ್‌ಪಿಎಚ್ ಬಾಟಲಿ ಮಿಲಿಲೀಟರಿಗೆ 40 ಯೂನಿಟ್, ಗ್ಲಾರ್ಜಿನ್ 100. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. ಕೆಂಪಿನಲ್ಲಿ ಗ್ಲಾರ್ಜಿನ್ ಎಳೆದು 1ರ ಗೆರೆಗೆ ನಿಲ್ಲಿಸಿದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ಎಷ್ಟೋ ಬೆಕ್ಕುಗಳಿಗೆ ಶುರುವಿನ ಡೋಸೇ ಹೊತ್ತಿಗೆ 1 ಯೂನಿಟ್, ಅಂದಮೇಲೆ ಅಂದಾಜು ಮಾಡಿಕೊಳ್ಳಿ. ಹಳೇ ಸಿರಿಂಜ್‌ಗಳನ್ನೆಲ್ಲ ಮನೆಯಿಂದ ತೆಗೆದುಬಿಟ್ಟೆವು. ಚುಚ್ಚುವಾಗ ಬೆಕ್ಕು ಕೊಸರಿಕೊಂಡು, ಮದ್ದು ಒಳಗೆ ಹೋಯಿತೋ ಇಲ್ಲವೋ ಅಂತ ಅನುಮಾನ ಬಂದರೆ ಮತ್ತೆ ಚುಚ್ಚಬಾರದು. ಒಂದು ಹೊತ್ತು ಶುಗರ್ ಏರಿದರೆ ತಡೆದುಕೊಳ್ಳುತ್ತದೆ, ಇಳಿದರೆ ಜೀವಕ್ಕೇ ಸಂಚಕಾರ.

ಶುಗರ್ ನೋಡಲು ಮೂತ್ರದ ಪಟ್ಟಿ, ಗ್ಲೂಕೋಮೀಟರ್ ಎರಡೂ ಇವೆ. ಪಟ್ಟಿ ಹೇಳುವುದು ಕಳೆದ ಕೆಲವು ತಾಸಿನ ಸಂಗತಿ, ಅದೂ ಏರಿದ್ದನ್ನು ಮಾತ್ರ. ಮೀಟರ್ ಈಗಿನದ್ದನ್ನು ಹೇಳುತ್ತದೆ. ಕಿವಿಯನ್ನು ಬಿಸಿ ಬಟ್ಟೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಹಿಂದೆ ಹತ್ತಿ ಒತ್ತಿ ಹಿಡಿದು ಅಂಚಿಗೆ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ, ಸಾಕು. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ತುಸು ಕಡಿಮೆ ತೋರಿಸುವುದು ಸಾಮಾನ್ಯ. ಆಸ್ಪತ್ರೆಯ ಗಾಬರಿಗೇ ಬೆಕ್ಕಿನ ಶುಗರ್ ಏರುತ್ತದೆ, ಹಾಗಾಗಿ ಮನೆಯ ಲೆಕ್ಕಕ್ಕೆ ಬೆಲೆ ಜಾಸ್ತಿ. ಪಟ್ಟಿಯನ್ನು ಕೀಟೋನ್, ಅಂದರೆ ಇನ್ಸುಲಿನ್ ಸಾಲದೆ ಮೈಯ ಕೊಬ್ಬು ಕರಗುವಾಗ ಮೂತ್ರದಲ್ಲಿ ಬರುವ ಅಪಾಯದ ಅಂಶ, ನೋಡಲು ಇಟ್ಟುಕೊಂಡಿದ್ದೇವೆ. ಊಟ ಬಿಟ್ಟು ವಾಂತಿ ಮಾಡಿದ ದಿನ ಅದರಲ್ಲಿ ಬಣ್ಣ ಬಂದರೆ ಡಾಕ್ಟರ ಹತ್ತಿರ ಹೋಗಲು ಮರುದಿನಕ್ಕೆ ಕಾಯುವುದಿಲ್ಲ.